ವ್ಯಾನಿನ ಹಿಂದಿನ ಸೀಟು, ಟಾಯ್ಲೆಟ್ ಬಾಗಿಲು: 6ನೇ ಕ್ಲಾಸ್ ಹುಡುಗನಿಗೆ ಕಾಟ, ಎಲ್ಲಿಂದ ಶುರು ಮಾಡೋದು?

ಬನಶಂಕರಿ_ತಾಯಿ
ಮಗ 6ನೇ ಕ್ಲಾಸ್, ಸಿಬಿಎಸ್‌ಇ ಶಾಲೆ, ವ್ಯಾನಿನಲ್ಲಿ ಹೋಗಿಬರ್ತಾನೆ. 7ನೇ ಕ್ಲಾಸಿನ ಮೂರು ಜನ ಹುಡುಗರು ಎರಡು ತಿಂಗಳಿಂದ ಇವನನ್ನ ಹಿಂದಿನ ಸೀಟಿಗೆ ಎಳೆದು ಕೂರಿಸಿಕೊಂಡು ಬ್ಯಾಗ್ ಕಿತ್ಕೊಳ್ತಾರೆ. ಅಡ್ಡಹೆಸರು ಇಟ್ಟಿದ್ದಾರೆ. ಶಾಲೆಯಲ್ಲಿ ಟಾಯ್ಲೆಟ್ ಒಳಗೆ ಹೋದರೆ ಬಾಗಿಲನ್ನ ಹೊರಗಿಂದ ಹಿಡ್ಕೊಳ್ತಾರೆ. ಕ್ಲಾಸ್ ಟೀಚರ್‌ಗೆ ಫೋನ್ ಮಾಡಿದ್ರೆ "ಹುಡುಗ್ರ ಆಟ ಮೇಡಂ, ಇವನೇ ಸ್ವಲ್ಪ ಸೂಕ್ಷ್ಮ" ಅಂದ್ರು. ಮಗ "ಯಾರಿಗೂ ಹೇಳ್ಬೇಡಮ್ಮ, ಇನ್ನೂ ಜಾಸ್ತಿ ಮಾಡ್ತಾರೆ" ಅಂತ ಅಳ್ತಾನೆ. ತಿಳಿದವರು ದಯವಿಟ್ಟು ಹೇಳಿ.

ಆಪ್ತಸಮಾಲೋಚಕಿ_ಜೆಪಿನಗರ
ಮೇಡಂ, ಮೊದಲು ಒಂದು ಮಾತು. ಇದು ಆಟ ಅಲ್ಲ. ಮಕ್ಕಳು ಠೂ ಬಿಡ್ತಾರೆ, ಜಗಳ ಆಡ್ತಾರೆ, ಮಾರನೇ ದಿನ ಒಂದೇ ಡಬ್ಬಿಯಲ್ಲಿ ತಿಂತಾರೆ. ಅದು ಬೇರೆ. ನಾರ್ವೆಯಲ್ಲಿ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದ ಡಾನ್ ಓಲ್ವಿಯಸ್ ಕೊಟ್ಟ ಅಳತೆಗೋಲು ಇವತ್ತಿಗೂ ಬಳಕೆಯಲ್ಲಿದೆ: ನೋಯಿಸಬೇಕು ಅಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ಮತ್ತು ಇಬ್ಬರ ಬಲ ಸಮ ಇಲ್ಲದಿರೋದು. ನಿಮ್ಮ ಮಗನ ವಿಷಯದಲ್ಲಿ ಮೂರೂ ಇದೆ. ದೊಡ್ಡ ಕ್ಲಾಸಿನ ಮೂವರು, ಒಬ್ಬ ಹುಡುಗ, ಎರಡು ತಿಂಗಳು.

"ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಅದನ್ನ ಉಳಿಸಿಕೊಳ್ಳೋಕಾಗಲ್ಲ. ಅದರ ಬದಲು "ನಿಂಗೆ ಮೊದಲು ಹೇಳದೆ ನಾನು ಏನೂ ಮಾಡಲ್ಲ" ಅನ್ನಿ. ಈ ಮಾತನ್ನ ಕೊನೆವರೆಗೂ ಪಾಲಿಸಬಹುದು, ಪಾಲಿಸಲೇಬೇಕು.

ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದರೆ ಮಕ್ಕಳ ಬಾಯಿ ಕಟ್ಟುತ್ತೆ. ಈಗ ಅವರೆಕಾಯಿ ಕಾಲ. ಪಕ್ಕದಲ್ಲಿ ಕೂರಿಸಿಕೊಂಡು ಕಾಯಿ ಬಿಡಿಸಿ, ಕಾಳು ಹಿದುಕಿ. ಕೈಗೆ ಕೆಲಸ ಇದ್ದಾಗ, ಕಣ್ಣಿಗೆ ಕಣ್ಣು ಸೇರದೆ ಇರುವಾಗ ಮಾತು ತಾನಾಗೇ ಬರುತ್ತೆ. 15–20 ನಿಮಿಷ ಸಾಕು. "ಯಾಕೆ" ಅನ್ನೋ ಪ್ರಶ್ನೆ ಬಿಟ್ಟುಬಿಡಿ. "ನಿನ್ನನ್ನೇ ಯಾಕೆ ಹಿಡೀತಾರೆ?" ಅಂದರೆ ತಪ್ಪು ತನ್ನದೇ ಅಂತ ಮಗುವಿಗೆ ಕೇಳಿಸುತ್ತೆ. ಎಲ್ಲಿ, ಎಷ್ಟು ಹೊತ್ತಿಗೆ, ಆಗ ಯಾರ್ಯಾರು ಇದ್ದರು, ಈ ಮೂರನ್ನ ಕೇಳಿ.

ಆಮೇಲೆ ಒಂದು ಹಾಳೆಯಲ್ಲಿ ಅವನ ಕೈಲೇ ದಿನದ ನಕ್ಷೆ ಬರೆಸಿ: ವ್ಯಾನ್ ಹತ್ತೋ ಜಾಗ, ವ್ಯಾನ್, ಶಾಲೆ ಗೇಟು, ಪ್ರೇಯರ್ ಸಾಲು, ಕ್ಲಾಸು, ಮೆಟ್ಟಿಲು, ಟಾಯ್ಲೆಟ್, ಊಟದ ಜಾಗ, ಪಿಟಿ ಗ್ರೌಂಡು, ವಾಪಸ್ ವ್ಯಾನ್. ಭಯ ಆಗೋ ಜಾಗಕ್ಕೆ ಕೆಂಪು, ಪರವಾಗಿಲ್ಲ ಅನ್ನೋದಕ್ಕೆ ಹಳದಿ, ಖುಷಿ ಇರೋ ಕಡೆ ಹಸಿರು. ಸಾಮಾನ್ಯವಾಗಿ ಕೆಂಪು ಬೀಳೋದು ಎರಡು ಮೂರು ಕಡೆ ಮಾತ್ರ, ಅದೂ ದೊಡ್ಡವರ ಕಣ್ಣು ಬೀಳದ ಜಾಗಗಳೇ. ಮಗುವಿನ ಸ್ವಭಾವ ತಿದ್ದೋಕೆ ವರ್ಷಗಳು ಬೇಕು, ತಿದ್ದಬೇಕಾದ ಅಗತ್ಯವೂ ಇಲ್ಲ. ಆ ಎರಡು ಜಾಗಗಳನ್ನ ಸರಿಮಾಡೋಕೆ ಒಂದು ವಾರ ಸಾಕು. ಶಾಲೆಗೆ ಹೋಗುವಾಗ ಈ ಹಾಳೆ ನಿಮ್ಮ ಕೈಯಲ್ಲಿರಲಿ.

ಮಕ್ಕಳ_ಡಾಕ್ಟ್ರು
ಟಾಯ್ಲೆಟ್ ಬಾಗಿಲು ಹಿಡ್ಕೊಳ್ತಾರೆ ಅಂದಿದ್ದೀರಿ. ಇವತ್ತು ಸಂಜೆ ಅವನ ನೀರಿನ ಬಾಟಲಿ ಎತ್ತಿ ನೋಡಿ. ಬೆಳಗ್ಗೆ ತುಂಬಿಸಿದ್ದು ಹಾಗೇ ಭಾರ ಇದ್ದರೆ, ಟಾಯ್ಲೆಟ್ಟಿಗೆ ಹೋಗೋದು ಬೇಡ ಅಂತ ನೀರು ಕುಡಿಯೋದನ್ನೇ ಬಿಟ್ಟಿದ್ದಾನೆ ಅಂತ ಅರ್ಥ. ಮನೆ ಬಾಗಿಲು ತೆಗೆದ ತಕ್ಷಣ ಚಪ್ಪಲಿ ಕೂಡ ಬಿಚ್ಚದೆ ಬಚ್ಚಲಿಗೆ ಓಡ್ತಾನಾ? ಇದು ಇನ್ನೊಂದು ಗುರುತು. ಈ ವಯಸ್ಸಿನ ಮಕ್ಕಳು ದಿನಕ್ಕೆ 5ರಿಂದ 7 ಸಲ ಮೂತ್ರಕ್ಕೆ ಹೋಗಬೇಕು. 7–8 ಗಂಟೆ ತಡ್ಕೊಂಡರೆ ಉರಿಮೂತ್ರ, ಸೋಂಕು, ಮಲಬದ್ಧತೆ ಒಂದರ ಹಿಂದೆ ಒಂದು ಬರಬಹುದು. ಸೋಮವಾರ ಬೆಳಗ್ಗೆ ಬರುವ ಹೊಟ್ಟೆನೋವನ್ನ ನಾಟಕ ಅನ್ನಬೇಡಿ. ಭಯಕ್ಕೆ ಹೊಟ್ಟೆ ನಿಜವಾಗಲೂ ನೋಯುತ್ತೆ, ಮೂತ್ರ ಕಟ್ಟಿದರೂ ನೋಯುತ್ತೆ. ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಿ.

ಮೈಮೇಲೆ ಗಾಯ, ಕಂದಿದ ಗುರುತು ಏನಾದರೂ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಎಲ್ಲಿ, ಎಷ್ಟು ಸೆಂಟಿಮೀಟರ್, ಯಾವ ಬಣ್ಣ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಫೋಟೋ ಹಗಲು ಬೆಳಕಲ್ಲಿ ತೆಗೀರಿ, ಒಂದು ದೂರದಿಂದ, ಒಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಕಂದಿದ ಗಾಯದ ಬಣ್ಣ ದಿನದಿನಕ್ಕೆ ಬದಲಾಗುತ್ತೆ, ಮೂರು ದಿನ ಬಿಟ್ಟು ತೋರಿಸಿದರೆ ಯಾವಾಗ ಆಗಿದ್ದು ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ.

"ನಾನಿಲ್ದಿದ್ರೆ ಎಲ್ರಿಗೂ ನೆಮ್ಮದಿ" ಅನ್ನೋ ಥರದ ಮಾತು ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ ಶಾಲೆಯ ಮೀಟಿಂಗ್‌ವರೆಗೆ ಕಾಯಬೇಡಿ. "ಸತ್ತುಹೋಗಬೇಕು ಅನ್ನಿಸ್ತಾ ಇದೆಯಾ ಕಂದಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಮನೆಯಲ್ಲಿರೋ ಮಾತ್ರೆ, ಜಿರಳೆ ಔಷಧಿ, ಇಲಿ ಪಾಷಾಣ ಬೀರುವಿಗೆ ಹಾಕಿ ಬೀಗ ಹಾಕಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಬೇರೆ ವಿಭಾಗವೇ ಇದೆ.

ಹೈಸ್ಕೂಲ್_ಮೇಷ್ಟ್ರು
ಶಾಲೆ ಒಳಗಿಂದ ಈ ವಿಷಯ ಹೇಗೆ ನಡೆಯುತ್ತೆ ಹೇಳ್ತೀನಿ. ಫೋನಲ್ಲಿ ಹೇಳಿದ್ದು ಫೋನಲ್ಲೇ ಮುಗಿಯುತ್ತೆ. ಕ್ಲಾಸ್ ಟೀಚರ್‌ಗೆ 40–50 ಮಕ್ಕಳು, ಮಧ್ಯೆ ಟೆಸ್ಟು, ಕರೆಕ್ಷನ್ನು. ನಿಮ್ಮ ಮಾತು ಮರೆತುಹೋಗುತ್ತೆ, ದುರುದ್ದೇಶ ಇರಬೇಕಿಲ್ಲ. ಬರೆದು ಕೊಟ್ಟ ಪತ್ರ ಫೈಲಿಗೆ ಹೋಗುತ್ತೆ, ಫೈಲಿಗೆ ಹೋದದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತೆ.

ಪತ್ರ ಪ್ರಿನ್ಸಿಪಾಲರ ಹೆಸರಿಗೆ, ಒಂದು ಪುಟ ಮೀರದ ಹಾಗೆ. "ನನ್ನ ಮಗನಿಗೆ ತುಂಬಾ ಹಿಂಸೆ ಕೊಡ್ತಿದ್ದಾರೆ, ನಿಮ್ಮ ಶಾಲೆಗೆ ಶಿಸ್ತೇ ಇಲ್ಲ" ಅಂತ ಬರೆದರೆ ಅವರು ಶಾಲೆಯ ಮಾನ ಕಾಪಾಡೋ ಕೆಲಸಕ್ಕೆ ನಿಲ್ತಾರೆ. ಹೀಗೆ ಬರೀರಿ: "ಡಿಸೆಂಬರ್ 3, ಬುಧವಾರ, ಮಧ್ಯಾಹ್ನ 3:40, ವ್ಯಾನಿನ ಕೊನೆಯ ಸಾಲು. 7ನೇ ತರಗತಿಯ ಇಬ್ಬರು ಬ್ಯಾಗ್ ಕಿತ್ತುಕೊಂಡು ಕಿಟಕಿಯಿಂದಾಚೆ ಹಿಡಿದರು. ಇನ್ನೊಬ್ಬ ನಮ್ಮ ಮಗನ ಎರಡೂ ಕೈ ಹಿಡಿದಿದ್ದ. ಸುಮಾರು 5 ನಿಮಿಷ. 5ನೇ ತರಗತಿಯ ಇಬ್ಬರು ಹುಡುಗಿಯರು ಮುಂದಿನ ಸಾಲಿನಲ್ಲಿದ್ದರು." ಇಂಥ ಮೂರು ನಾಲ್ಕು ಘಟನೆ ಸಾಕು. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಅಲ್ಲೇ ನಿಂತು ಶಾಲೆಯ ಇಮೇಲ್‌ಗೆ ಕಳಿಸಿ.

ಸಿಸಿಟಿವಿ ವಿಷಯ ಮರೀಬೇಡಿ. ಕಾರಿಡಾರಿನಲ್ಲಿ, ವ್ಯಾನಿನಲ್ಲಿ ಕ್ಯಾಮೆರಾ ಇದ್ದರೂ ಹಳೇ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತೆ. ಆದ್ದರಿಂದ ಮೊದಲ ಪತ್ರದಲ್ಲೇ "ಈ ತಾರೀಖು, ಈ ಹೊತ್ತಿನ ದೃಶ್ಯಗಳನ್ನು ಅಳಿಸದೆ ತೆಗೆದಿಡಬೇಕು" ಅಂತ ಒಂದು ಸಾಲು ಸೇರಿಸಿ. ನಿಮಗೆ ತೋರಿಸ್ತಾರೋ ಇಲ್ಲವೋ ಆಮೇಲಿನ ಮಾತು.

ಮೀಟಿಂಗ್‌ನಲ್ಲಿ ಶಿಕ್ಷೆ ಕೇಳಬೇಡಿ, ವ್ಯವಸ್ಥೆ ಕೇಳಿ. ಶಾರ್ಟ್ ಬ್ರೇಕ್, ಲಂಚ್ ಬ್ರೇಕ್‌ನಲ್ಲಿ ಟಾಯ್ಲೆಟ್ ಇರೋ ಕಾರಿಡಾರಿನಲ್ಲಿ ಯಾರು ಡ್ಯೂಟಿಗೆ ನಿಲ್ತಾರೆ? ಅವರು ರಜೆ ಹಾಕಿದ ದಿನ ಯಾರು? ಮಗ ಹೋಗಿ ಹೇಳಿಕೊಳ್ಳೋಕೆ ಒಬ್ಬ ಟೀಚರನ್ನ ಗೊತ್ತುಮಾಡಿ, ಅವರ ಹೆಸರು ಅವನಿಗೆ ಗೊತ್ತಿರಲಿ. ಕ್ಲಾಸ್ ನಡೆಯುವಾಗ ಟಾಯ್ಲೆಟ್ಟಿಗೆ ಹೋಗೋಕೆ ಸದ್ಯಕ್ಕೆ ಅನುಮತಿ ಕೊಡಿ. ಮತ್ತೆ ಯಾವತ್ತು ಕೂತು ನೋಡೋಣ, ತಾರೀಖು ಹೇಳಿ. ಹತ್ತು ದಿನಕ್ಕಿಂತ ದೂರ ಬೇಡ. ಮನೆಗೆ ಬಂದ ಮೇಲೆ ಅದೇ ರಾತ್ರಿ "ಇವತ್ತು ಮಾತಾದ ಪ್ರಕಾರ" ಅಂತ ಶುರುಮಾಡಿ ಎಲ್ಲವನ್ನೂ ಇಮೇಲ್ ಮಾಡಿ.

ಇನ್ನು ಕೆಡೋದು ಎಲ್ಲಿ ಅಂದರೆ, ಒಳ್ಳೇ ಮನಸ್ಸಿನಿಂದಲೇ ಮಾಡೋ ಒಂದು ಕೆಲಸದಲ್ಲಿ. ನಾಲ್ಕೂ ಹುಡುಗರನ್ನ ಸ್ಟಾಫ್ ರೂಮಿಗೆ ಕರೆದು "ಸಾರಿ ಕೇಳಿ, ಕೈ ಕುಲುಕಿ, ಇನ್ಮೇಲೆ ಫ್ರೆಂಡ್ಸು" ಅಂತ ಕಳಿಸೋದು. ಸಮಬಲದವರ ಜಗಳಕ್ಕೆ ರಾಜಿ ಸರಿ. ಇಲ್ಲಿ ಮಾತ್ರ ಹೇಳಿದವನು ಯಾರು ಅಂತ ಅವರಿಗೆ ಎದುರಿಗೇ ತೋರಿಸಿಕೊಟ್ಟ ಹಾಗೆ ಆಗುತ್ತೆ, ಅದೇ ಸಂಜೆ ವ್ಯಾನಿನಲ್ಲಿ ಲೆಕ್ಕ ತೀರುತ್ತೆ. ಇದನ್ನ ಮಾಡಬೇಡಿ ಅಂತ ಮೊದಲೇ ಹೇಳಿ. ಆ ಮೂವರನ್ನ ಒಂದೇ ಪಿರಿಯಡ್‌ನಲ್ಲಿ, ಒಬ್ಬೊಬ್ಬರನ್ನೇ, ನಡುವೆ ಒಬ್ಬರಿಗೊಬ್ಬರು ಸಿಗದ ಹಾಗೆ ಮಾತಾಡಿಸಬೇಕು. "ಅವನು ಕಂಪ್ಲೇಂಟ್ ಕೊಟ್ಟಿದ್ದಾನೆ" ಅನ್ನಬಾರದು. "ಹಿಂದಿನ ಸೀಟಿನಲ್ಲಿ ಏನು ನಡೀತಿದೆ ಅನ್ನೋದು ನಮಗೆ ಗೊತ್ತಾಗಿದೆ" ಅಂತ ಶುರುಮಾಡಬೇಕು. ಗುಂಪಿನಲ್ಲಿ ಒಬ್ಬ ಮಾಡಿಸ್ತಾನೆ, ಉಳಿದವರು ಅವನ ಜೊತೆ ಇರೋಕೆ ಮಾಡ್ತಾರೆ. ಒಂಟಿಯಾಗಿ ಕೂರಿಸಿದಾಗ ಮೊದಲು ಬಾಯಿಬಿಡೋದು ಉಳಿದವರೇ.

ವಿಜಯನಗರ_ಅಪ್ಪ
ಎಲ್ಲ ಸರಿ ಸರ್. ಆದ್ರೆ ಹುಡುಗನಿಗೂ ಸ್ವಲ್ಪ ಧೈರ್ಯ ಬೇಡ್ವಾ? ಕರಾಟೆ ಸೇರಿಸಿ, ಒಂದೇಟು ತಿರುಗಿಸಿ ಕೊಡು ಅನ್ನಿ, ತಾನಾಗೇ ನಿಲ್ಲುತ್ತೆ.

ಆಪ್ತಸಮಾಲೋಚಕಿ_ಜೆಪಿನಗರ
ಸರ್, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಮೂರು ಜನರ ಎದುರು ಒಬ್ಬ ಕೈ ಎತ್ತಿದರೆ ಏಟು ಬೀಳೋದು ಅವನಿಗೇ. ಮೇಲಾಗಿ ಟೀಚರ್ ಕಣ್ಣಿಗೆ ಬೀಳೋದು ಕೊನೇ ಏಟು, ಡೈರಿಯಲ್ಲಿ ರಿಮಾರ್ಕ್ ಬರೋದು ಕೊನೇ ಏಟು ಹೊಡೆದವನಿಗೆ. ಆಗ ಎರಡು ತಿಂಗಳ ದೂರು "ಇಬ್ಬರದ್ದೂ ತಪ್ಪಿದೆ" ಅಂತ ಕರಗಿಹೋಗುತ್ತೆ. ಕರಾಟೆಗೆ ಖಂಡಿತ ಸೇರಿಸಿ, ಶಾಲೆಯ ಹೊರಗೆ ಇನ್ನೊಂದು ಗೆಳೆಯರ ಬಳಗ ಸಿಗುತ್ತೆ, ಅದು ದೊಡ್ಡ ಬಲ.

ಹುಡುಗನಿಗೆ ಕಲಿಸಬೇಕಾದ್ದು ಇನ್ನೂ ಚಿಕ್ಕದು. ಒಂದೇ ವಾಕ್ಯ, ಗಟ್ಟಿ ದನಿ, ಆಮೇಲೆ ನಡೆದುಬಿಡೋದು. "ಬ್ಯಾಗ್ ಕೊಡು." ಅಷ್ಟೇ. "ಪ್ಲೀಸ್ ಕಣೋ" ಇಲ್ಲ, ಬೈಗುಳ ಇಲ್ಲ. ಹೇಳಿ ದೊಡ್ಡವರು ಇರೋ ಕಡೆಗೆ ಹೆಜ್ಜೆ ಹಾಕಬೇಕು. ರಾತ್ರಿ ಊಟ ಆದ ಮೇಲೆ 5 ನಿಮಿಷ, ಅಪ್ಪನೋ ಅಕ್ಕನೋ ಕಾಟ ಕೊಡೋ ಹುಡುಗನ ಪಾತ್ರ ಹಾಕಿ ಅಭ್ಯಾಸ ಮಾಡಿಸಿ. ನಾಲ್ಕೈದು ರಾತ್ರಿಗೆ ದನಿ ನಡುಗೋದು ಕಡಿಮೆಯಾಗುತ್ತೆ. "ಸುಮ್ನೆ ಇಗ್ನೋರ್ ಮಾಡು" ಅನ್ನೋದು ಮಾತ್ರ ಬೇಡ. ಕೈ ಹಿಡಿದು ಕೂರಿಸಿದವರನ್ನ ಹೇಗೆ ಇಗ್ನೋರ್ ಮಾಡೋದು?

ಚಾಡಿ ಅನ್ನೋ ಪದವನ್ನೂ ಮನೆಯಲ್ಲಿ ಬಿಡಿಸಿ ಹೇಳಿ. ಇನ್ನೊಬ್ಬನಿಗೆ ಏಟು ಬೀಳಲಿ ಅಂತ ಹೇಳೋದು ಚಾಡಿ. ನೋವು ನಿಲ್ಲಲಿ ಅಂತ ಹೇಳೋದು ದೂರು. ವ್ಯಾನಿನಲ್ಲಿ ಕಾಟವನ್ನ ನೋಡುತ್ತ ಕೂರೋ ಬೇರೆ ಮಕ್ಕಳಿಗೂ ಇದನ್ನ ಯಾರಾದರೂ ಹೇಳಬೇಕು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕೀವಾ ಅನ್ನೋ ಶಾಲಾ ಕಾರ್ಯಕ್ರಮ ಮುಖ್ಯವಾಗಿ ನಿಂತಿರೋದೇ ಇದರ ಮೇಲೆ: ನೋಡೋರು ನಗೋದು ನಿಲ್ಲಿಸಿದರೆ ಕಾಟ ಕೊಡೋನಿಗೆ ಆಟವೇ ಸಪ್ಪೆಯಾಗುತ್ತೆ. ಎದುರು ನಿಂತು ತಡೀರಿ ಅಂತ ಚಿಕ್ಕ ಮಕ್ಕಳಿಗೆ ಹೇಳಬೇಕಾಗಿಲ್ಲ. "ಬಾರೋ, ನಮ್ಮ ಪಕ್ಕ ಕೂತ್ಕೋ" ಅಂದರೆ ಸಾಕು.

ಬನಶಂಕರಿ_ತಾಯಿ
ಎಲ್ಲರಿಗೂ ಧನ್ಯವಾದ. ಬಾಟಲಿ ನೋಡಿದೆ, ತುಂಬಿತ್ತು. ಇನ್ನೊಂದು ವಿಷಯ ಇವತ್ತೇ ಗೊತ್ತಾಯ್ತು. ವ್ಯಾನ್ ಹುಡುಗರದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ, ಅದರಲ್ಲಿ ಇವನ ಮುಖವನ್ನ ಕೋತಿ ಫೋಟೋಗೆ ಅಂಟಿಸಿ ಹಾಕಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ ನೇರ ಫೋನ್ ಮಾಡಿಬಿಡ್ಲಾ?

ನೆಟ್_ಜಾಗ್ರತೆ
ಫೋನ್ ಬೇಡ ಮೇಡಂ. ನೀವು ಫೋನ್ ಇಟ್ಟ ಎರಡು ನಿಮಿಷಕ್ಕೆ ಆ ಕಡೆ ಎಲ್ಲ ಅಳಿಸಿಹೋಗಿರುತ್ತೆ. ಮೊದಲು ಉಳಿಸಿಕೊಳ್ಳೋದು, ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಈ ಕ್ರಮ ತಪ್ಪಬಾರದು. ಗ್ರೂಪಿನಿಂದ ಮಗನನ್ನ ಈಗಲೇ ಹೊರಗೆ ತರಬೇಡಿ, ಉತ್ತರವನ್ನೂ ಹಾಕಿಸಬೇಡಿ.

ಸ್ಕ್ರೀನ್‌ಶಾಟ್‌ನಲ್ಲಿ ಗ್ರೂಪಿನ ಹೆಸರು, ತಾರೀಖು, ಸಮಯ ಮೂರೂ ಕಾಣಬೇಕು. ಕಳಿಸಿದವನು "ಬಂಟಿ" ಅಂತ ಸೇವ್ ಆಗಿದ್ದರೆ ಆ ಹೆಸರಿಗೆ ಬೆಲೆ ಇಲ್ಲ. ಹೆಸರಿನ ಮೇಲೆ ಒತ್ತಿ ನಂಬರ್ ಕಾಣೋ ಪುಟದ್ದೂ ಒಂದು ಶಾಟ್ ತೆಗೀರಿ. ಇನ್ನೊಂದು ಫೋನ್ ಹಿಡಿದು, ಚಾಟನ್ನ ಮೇಲಿಂದ ಕೆಳಗೆ ನಿಧಾನ ಸರಿಸ್ತಾ ವಿಡಿಯೋ ಮಾಡಿ. ಆಮೇಲೆ ಎಕ್ಸ್‌ಪೋರ್ಟ್ ಚಾಟ್ ಒತ್ತಿ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಗ್ರೂಪಿನಲ್ಲಿ ಮೆಸೇಜ್ ತಾನಾಗೇ ಮಾಯವಾಗೋ ಸೆಟ್ಟಿಂಗ್ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಹೋಗಿಬಿಡುತ್ತೆ, ಹಾಗಾಗಿ ಈ ಕೆಲಸ ಇವತ್ತೇ ಆಗಲಿ. ಆ ಫೋನನ್ನ ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಕೋತಿ ಫೋಟೋ ಬೇರೆ, ಯಾವುದೇ ಮಗುವಿನ ಬೆತ್ತಲೆ ಚಿತ್ರವಿದ್ದರೆ ವಿಷಯವೇ ಬೇರೆ. ಅಂಥದ್ದನ್ನ ಸಾಕ್ಷಿಗೆ ಅಂತಲೂ ಟೀಚರ್‌ಗೆ, ನೆಂಟರಿಗೆ ಫಾರ್ವರ್ಡ್ ಮಾಡಬೇಡಿ. ಅದನ್ನ ಹಂಚೋದೇ ಅಪರಾಧ. ಫೋನ್ ಸಮೇತ ಪೊಲೀಸರ ಹತ್ತಿರ ಹೋಗಿ, ಅಥವಾ cybercrime.gov.in ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ಭಾಗದಲ್ಲಿ ದೂರು ಹಾಕಿ, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಮಗನ ಕೈಯಿಂದ ಫೋನ್ ಕಿತ್ಕೊಳ್ಳಬೇಡಿ. ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿತು ಅಂತ ಆದರೆ ಮುಂದಿನ ಸಲ ಹೇಳೋದೇ ಇಲ್ಲ.

ವಕೀಲ_ಮಲ್ಲೇಶ್ವರ
ಕಾನೂನಿನ ಮಾತು ಹೇಳುತ್ತೇನೆ. ನಿಮ್ಮದು ಸಿಬಿಎಸ್‌ಇ ಶಾಲೆ. 2015ರ ಮಾರ್ಚ್‌ನಲ್ಲಿ ಮಂಡಳಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಶಾಲೆಯಲ್ಲಿ ಇಂಥ ಕಾಟ ತಡೆಯುವುದಕ್ಕೆಂದೇ ಒಂದು ಸಮಿತಿ ಇರಬೇಕು. ಉಪ ಪ್ರಾಂಶುಪಾಲರು, ಹಿರಿಯ ಶಿಕ್ಷಕರು, ವೈದ್ಯರು, ಆಪ್ತ ಸಮಾಲೋಚಕರು, ಪೋಷಕರ ಪ್ರತಿನಿಧಿ, ಆಡಳಿತ ಮಂಡಳಿಯ ಪ್ರತಿನಿಧಿ ಅದರಲ್ಲಿರುತ್ತಾರೆ. ಪತ್ರದ ಕೊನೆಯಲ್ಲಿ "ಈ ದೂರನ್ನು ಸಮಿತಿಯ ಮುಂದಿಡಿ, ಸದಸ್ಯರ ಹೆಸರು ತಿಳಿಸಿ" ಎಂದು ಬರೆಯಿರಿ. ಆ ಒಂದು ಸಾಲಿಗೆ ತೂಕವಿದೆ.

ಉತ್ತರ ಬರದಿದ್ದರೆ ಎರಡನೇ ಪತ್ರ ಆಡಳಿತ ಮಂಡಳಿಗೆ. ಅದಕ್ಕೂ ಇಲ್ಲವೆಂದರೆ ಸಿಬಿಎಸ್‌ಇಗೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ನಿಮ್ಮ ವಲಯದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಮೇಲೆ ಬೆಂಗಳೂರು ಉತ್ತರ ಅಥವಾ ದಕ್ಷಿಣದ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ವಿಷಯ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಯಾವ ಶಾಲೆಯೇ ಇರಲಿ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು. ಆ ನಂಬರ್ ಅವನಿಗೆ ಬಾಯಿಪಾಠ ಇರಲಿ.

ಶಿಕ್ಷಕರೇ ಅಡ್ಡಹೆಸರಿನಿಂದ ಕರೆದು ತರಗತಿ ನಗುವಂತೆ ಮಾಡಿದರೆ ಅದು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಅಡಿ ನಿಷಿದ್ಧವಾದ ಮಾನಸಿಕ ಕಿರುಕುಳ. ಟಾಯ್ಲೆಟ್ಟಿನಲ್ಲಿ ಬಟ್ಟೆ ಎಳೆಯುವುದು, ಖಾಸಗಿ ಅಂಗ ಮುಟ್ಟುವುದು ನಡೆದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012 ಬರುತ್ತದೆ. ಗೊತ್ತಾದ ಮೇಲೂ ಪೊಲೀಸರಿಗೆ ತಿಳಿಸದಿರುವುದು 19 ಮತ್ತು 21ನೇ ಸೆಕ್ಷನ್ ಪ್ರಕಾರ ಅಪರಾಧ, ಶಾಲೆಯೊಳಗೇ ಮುಗಿಸಿಕೊಳ್ಳೋಣ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಈ ಬಗ್ಗೆ ಮಗನನ್ನು ಒಮ್ಮೆ ಮೆಲ್ಲಗೆ ಕೇಳಿ, ಮತ್ತೆ ಮತ್ತೆ ಕೆದಕಬೇಡಿ.

ಪೊಲೀಸ್ ಎಂದರೆ ಕೇಸು ಜೈಲು ಎಂದು ಹೆದರುವವರಿಗೆ: ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಬಾಲನ್ಯಾಯ ಕಾಯ್ದೆ 2015ರ ನಿಯಮಗಳ ಪ್ರಕಾರ ಮಕ್ಕಳ ಸಣ್ಣಪುಟ್ಟ ತಪ್ಪಿಗೆ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ಡೈರಿಯಲ್ಲಿ ದಾಖಲಿಸುತ್ತಾರೆ. ಆ ಮೂವರೂ 12ರ ಆಸುಪಾಸಿನ ಮಕ್ಕಳೇ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ನಿಮ್ಮ ವಿಷಯ ಈಗಿನ ಹಂತದಲ್ಲಿ ಶಾಲೆಯ ಮಟ್ಟದಲ್ಲೇ ಬಗೆಹರಿಯಬೇಕಾದ್ದು.

ಯಲಹಂಕ_ನಿವಾಸಿ
ತಿರುಗಿಸಿ ಕೇಳ್ತೀನಿ. ದೂರು ನಮ್ಮ ಮಗುವಿನ ಮೇಲೇ ಬಂದರೆ?

ಆಪ್ತಸಮಾಲೋಚಕಿ_ಜೆಪಿನಗರ
ಬೆಲ್ಟ್ ತೆಗೀಬೇಡಿ. ಬಲ ಇದ್ದೋನು ಹೊಡೀಬಹುದು ಅನ್ನೋ ಪಾಠವೇ ಮತ್ತೆ ಗಟ್ಟಿಯಾಗುತ್ತೆ. "ನಮ್ಮ ಹುಡುಗ ಅಂಥವನಲ್ಲ" ಅಂತಲೂ ಬೇಡ. "ನೀನು ಏನು ಮಾಡಿದೆ?" ಅಂತ ಕೇಳಿ, ಯಾಕೆ ಅನ್ನೋದು ಆಮೇಲೆ. ಯಾರದ್ದಾದರೂ ಪೆನ್ಸಿಲ್ ಬಾಕ್ಸ್ ಮುರಿದಿದ್ದರೆ ಹೊಸದು ಅವನ ಪಾಕೆಟ್ ಮನಿಯಿಂದಲೇ ಬರಲಿ. ಮನೆಯಲ್ಲಿ, ಟ್ಯೂಷನ್‌ನಲ್ಲಿ ಇವನಿಗೆ ಯಾರಾದರೂ ಹೀಗೇ ಮಾಡ್ತಿದ್ದಾರಾ ಅಂತಲೂ ನೋಡಿ. ಕಾಟ ಕೊಡೋ ಮಕ್ಕಳಲ್ಲಿ ಕೆಲವರು ಇನ್ನೊಂದು ಕಡೆ ಕಾಟ ತಿಂತಿರ್ತಾರೆ.

ಬನಶಂಕರಿ_ತಾಯಿ
ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡೆ. ಮುಂದಿನ ಗುರುವಾರ ಮೀಟಿಂಗ್. ಆದ್ರೆ "ವ್ಯಾನ್ ನಮ್ಮದಲ್ಲ, ಖಾಸಗಿಯವರದ್ದು, ನಮಗೆ ಸಂಬಂಧ ಇಲ್ಲ" ಅಂದುಬಿಟ್ರು. ಶಾಲೆ ಬದಲಾಯಿಸಿದ್ರೆ ಒಳ್ಳೇದಾ ಅಂತ ಮನೇಲಿ ಮಾತು ನಡೀತಿದೆ.

ಹೈಸ್ಕೂಲ್_ಮೇಷ್ಟ್ರು
ಡಿಸೆಂಬರ್‌ನಲ್ಲಿ ಟಿಸಿ ತಗೊಳ್ಳೋ ಆತುರ ಬೇಡ. ಎರಡು ಪತ್ರ ಕೊಟ್ಟು ನಾಲ್ಕು ವಾರ ಕಳೆದರೂ ಅವರ ಕಡೆಯಿಂದ ಒಂದು ವ್ಯವಸ್ಥೆಯೂ ಬರಹದಲ್ಲಿ ಬರದಿದ್ದರೆ, ಅಥವಾ ಮಗನೇ ಬೇಡ ಅಂದರೆ, ಆಗ ಖಂಡಿತ ಬದಲಾಯಿಸಿ. ಸ್ಯಾಟ್ಸ್ ನಂಬರ್ (ರಾಜ್ಯದ ಶಾಲಾ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಕೊಡೋ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಹೊಸ ಶಾಲೆಯವರು ಅದನ್ನೇ ಮೊದಲು ಕೇಳ್ತಾರೆ. ಸರ್ಕಾರಿ, ಅನುದಾನಿತ ಶಾಲೆಗೆ ಹೋಗೋದಾದರೆ 8ನೇ ಕ್ಲಾಸ್‌ವರೆಗೆ ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಇದೆ.

ವ್ಯಾನ್ ವಿಷಯಕ್ಕೆ ಶಾಲೆಯ ದಾರಿ ಕಾಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ವ್ಯಾನುಗಳು ಪೋಷಕರ ದುಡ್ಡಿನಲ್ಲೇ ಓಡೋದು, ಹಾಗಾಗಿ ಪೋಷಕರ ಮಾತು ಅಲ್ಲಿ ನಡೆಯುತ್ತೆ. ಡ್ರೈವರನ್ನ ಬೆಳಗಿನ ಟ್ರಿಪ್ಪಿನ ಅವಸರದಲ್ಲಿ ನಿಲ್ಲಿಸಿ ಜಗಳ ಆಡಬೇಡಿ. ತಿಂಗಳ ದುಡ್ಡು ಕೊಡೋ ದಿನ, ಬೇರೆ ನಾಲ್ಕೈದು ಪೋಷಕರ ಜೊತೆ ಸೇರಿ ಮಾತಾಡಿ. ಟ್ರಾಫಿಕ್‌ನಲ್ಲಿ ಅವರ ಕಣ್ಣು ರಸ್ತೆ ಮೇಲೇ ಇರಬೇಕು, ಹಿಂದೆ ನೋಡಿ ಅಂತ ಹೇಳೋದು ಅಪಾಯ. ಅದಕ್ಕೇ ಸೀಟಿನ ಪಟ್ಟಿ ಬೇಕು.

ಪ್ರತಿ ಮಗುವಿಗೂ ಒಂದು ಸೀಟು ಗೊತ್ತುಮಾಡಿ. ಎಲ್ಲರಿಗೂ ಹಾಕಿದ ಪಟ್ಟಿ ಆದ್ದರಿಂದ ನಿಮ್ಮ ಮಗನ ಹೆಸರು ಎದ್ದು ಕಾಣಲ್ಲ. ಆ ಮೂವರು ಮೂರು ಬೇರೆ ಸಾಲಿಗೆ ಬರಲಿ, ಅವರಲ್ಲಿ ಒಬ್ಬನಿಗೆ ಬಾಗಿಲ ಪಕ್ಕದ ಸೀಟು ಕೊಟ್ಟು ಚಿಕ್ಕವರ ಬ್ಯಾಗ್ ಎತ್ತಿಕೊಡೋ ಕೆಲಸ ಕೊಡಿ. ನಿಮ್ಮ ಮಗ ಡ್ರೈವರ್ ಹಿಂದಿನ ಸಾಲಿನಲ್ಲಿ, ಚಿಕ್ಕ ಮಕ್ಕಳ ಹತ್ತಿರ. ಕೊನೆಯ ಸಾಲಿಗೆ ಒಂದೇ ಮನೆಯ ಅಕ್ಕ ತಮ್ಮ ಇದ್ದರೆ ಅವರನ್ನ ಹಾಕಿ. ಪಟ್ಟಿಯನ್ನ ಬಾಗಿಲ ಒಳಗಡೆ ಅಂಟಿಸಿ. ತುಂಬಾ ತಪ್ಪೋದು ಸಂಜೆ ಟ್ರಿಪ್ಪಿನಲ್ಲಿ, ಏಕೆಂದರೆ ಅರ್ಧ ಮಕ್ಕಳು ಇಳಿದ ಮೇಲೆ ಉಳಿದವರು ಎದ್ದು ಹಿಂದಕ್ಕೆ ಹೋಗ್ತಾರೆ. ಆದ್ದರಿಂದ "ಇಳಿಯೋವರೆಗೂ ಅದೇ ಸೀಟು" ಅಂತ ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೀರಿ, ಮತ್ತು ಮೊದಲ ವಾರ ಸಂಜೆ ದಿನಕ್ಕೊಬ್ಬ ಪೋಷಕರು ಕೊನೇ ಸ್ಟಾಪ್‌ವರೆಗೂ ಜೊತೆಗೆ ಹೋಗಿಬನ್ನಿ.